ಹೆಸರು ಬದಲಾದಾಗ ಕಡತದಲ್ಲಿ ಏನು ಬದಲಾಗುತ್ತದೆ?

ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿ.ಟಿ. ಬದನೆಯ ವಿವಾದ ಚೆನ್ನಾಗಿ ನೆನಪಿರುವವರಿಗೂ ಅದರ ಬೆನ್ನಲ್ಲೇ ನಡೆದ ಒಂದು ಸಣ್ಣ ತಿದ್ದುಪಡಿ ಅಷ್ಟಾಗಿ ನೆನಪಿರಲಾರದು. ಈ ಬದನೆಯನ್ನು ರೈತರ ಹೊಲಕ್ಕೆ ಬಿಡಬಹುದೆಂದು 2009ರ ಅಕ್ಟೋಬರ್‌ನಲ್ಲಿ ಹೇಳಿದ್ದು ಕೇಂದ್ರ ಪರಿಸರ ಸಚಿವಾಲಯದ ಅಡಿಯಲ್ಲಿದ್ದ ಜೆನೆಟಿಕ್ ಎಂಜಿನಿಯರಿಂಗ್ ಅಪ್ರೂವಲ್ ಕಮಿಟಿ. ಆಗಿನ ಸಚಿವ ಜೈರಾಮ್ ರಮೇಶ್ ಅವರು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿ, 2010ರ ಫೆಬ್ರುವರಿ 9ರಂದು ಅದಕ್ಕೆ ತಡೆ ಹಾಕಿದರು. ಅದೇ ವರ್ಷದ ಜುಲೈನಲ್ಲಿ ಸಮಿತಿಯ ಹೆಸರಿನಲ್ಲಿದ್ದ ‘ಅಪ್ರೂವಲ್’ ಹೋಗಿ ‘ಅಪ್ರೈಸಲ್’ ಬಂತು. ಜಿಇಎಸಿ ಎಂಬ ಸಂಕ್ಷಿಪ್ತ ರೂಪ ಹಾಗೆಯೇ ಉಳಿದದ್ದರಿಂದ ಹೊರಗಿನವರ ಕಣ್ಣಿಗೆ ವ್ಯತ್ಯಾಸ ಬೀಳಲಿಲ್ಲ. ಆದರೆ ಅಲ್ಲಿಯವರೆಗೆ ಒಪ್ಪಿಗೆ ಕೊಡುವ ಸಮಿತಿ ಎನಿಸಿಕೊಂಡಿದ್ದದ್ದು ಅಂದಿನಿಂದ ಪರಿಶೀಲಿಸಿ ಅಭಿಪ್ರಾಯ ಹೇಳುವ ಸಮಿತಿಯಾಯಿತು; ಕೊನೆಯ ಮಾತು ಸರ್ಕಾರದ್ದೇ ಎಂಬ ನಿಲುವಿಗೆ ಹೆಸರಿನ ಮುದ್ರೆ ಬಿತ್ತು.

ವಿವಾದಕ್ಕೆ ಸಿಲುಕಿದ ತಂತ್ರಜ್ಞಾನಕ್ಕೋ ರಾಸಾಯನಿಕಕ್ಕೋ ಹೊಸ ಹೆಸರಿಟ್ಟಾಗ ಅದನ್ನು ಜನರ ಕಣ್ಣಿಗೆ ಮಣ್ಣೆರಚುವ ಪ್ರಚಾರತಂತ್ರವೆಂದು ಒಂದು ಪಕ್ಷ ಹೇಳುತ್ತದೆ; ತಪ್ಪು ಭಯವನ್ನು ಹೋಗಲಾಡಿಸುವ ಪ್ರಯತ್ನವೆಂದು ಇನ್ನೊಂದು ಪಕ್ಷ ಸಮರ್ಥಿಸಿಕೊಳ್ಳುತ್ತದೆ. ಎರಡು ಪಕ್ಷಗಳೂ ಜನರ ಮನಸ್ಸನ್ನೇ ನೋಡುತ್ತಿರುತ್ತವೆ. ನನ್ನ ಅಭಿಪ್ರಾಯದಲ್ಲಿ ನೋಡಬೇಕಾದ ಜಾಗ ಇನ್ನೊಂದಿದೆ. ಹೆಸರು ಮನಸ್ಸಿನ ಮೇಲೆ ಬೀರುವ ಪ್ರಭಾವ ನಿಜವಾದರೂ ಅದಕ್ಕೆ ಆಯುಸ್ಸು ಕಡಿಮೆ. ವಸ್ತುವಿನ ಅನುಭವವಾಗುತ್ತಿದ್ದಂತೆ ಜನ ಹೊಸ ಹೆಸರಿಗೂ ಹಳೆಯ ಅಂಜಿಕೆಯನ್ನೋ ಹಳೆಯ ನಂಬಿಕೆಯನ್ನೋ ಅಂಟಿಸಿಬಿಡುತ್ತಾರೆ. ಹೆಸರಿನ ಜೊತೆಗೆ ಕಡತದಲ್ಲಿ ಆಗುವ ಬದಲಾವಣೆ, ಅಂದರೆ ಯಾವ ನಿಯಮ ಅನ್ವಯಿಸುತ್ತದೆ, ಯಾರು ಪರೀಕ್ಷಿಸಬೇಕು, ಪೊಟ್ಟಣದ ಮೇಲೆ ಏನು ಬರೆಯಬೇಕು ಎಂಬ ಬದಲಾವಣೆ ಮಾತ್ರ ದಶಕಗಟ್ಟಲೆ ಉಳಿಯುತ್ತದೆ.

ಮನಸ್ಸಿನ ಮಾತನ್ನೇ ಮೊದಲು ನೋಡೋಣ. ಅಪಾಯವನ್ನು ಜನ ಹೇಗೆ ಅಳೆಯುತ್ತಾರೆ ಎಂಬುದರ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಚರ್ಚೆಯ ತಳಹದಿ. ತಜ್ಞರು ಸಾವುನೋವಿನ ಲೆಕ್ಕದಿಂದ ಅಪಾಯವನ್ನು ಅಳೆದರೆ, ಸಾಮಾನ್ಯರ ಅಂದಾಜು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿರುತ್ತದೆ ಎಂದು ಅವರು ತೋರಿಸಿದರು: ಅದು ಎಷ್ಟು ಭೀಕರವೆನಿಸುತ್ತದೆ, ಮತ್ತು ಅದು ಎಷ್ಟು ಅಪರಿಚಿತ. ಅಣು ವಿದ್ಯುತ್ತು ಎರಡರಲ್ಲೂ ಮೇಲಿತ್ತು. ಕಣ್ಣಿಗೆ ಕಾಣದ, ತಮ್ಮ ಕೈಯಲ್ಲಿ ನಿಯಂತ್ರಣವಿಲ್ಲದ, ಮುಂದಿನ ಪೀಳಿಗೆಗೂ ತಟ್ಟಬಹುದಾದ ವಸ್ತುವಿನ ಬಗ್ಗೆ ಜನ ಹೆಚ್ಚು ಎಚ್ಚರ ವಹಿಸುವುದು ಅಜ್ಞಾನವಲ್ಲ. ಲೆಕ್ಕ ಮಾಡಿ ನೋಡಲು ಸಮಯವಾಗಲಿ ದಾಖಲೆಯಾಗಲಿ ಇಲ್ಲದವರಿಗೆ ಹೆಸರೊಂದೇ ಕೈಗೆ ಸಿಗುವ ಸುಳಿವು. ಹೆಸರಿಡುವವರ ಹೊಣೆ ದೊಡ್ಡದಾಗುವುದು ಈ ಕಾರಣಕ್ಕೆ.

ಹೆಸರು ಬದಲಿಸಿದ್ದರಿಂದ ಯಾರಿಗೂ ಮೋಸವಾಗದ ಉದಾಹರಣೆಗಳಿವೆ. ಎಂಆರ್‌ಐ ಯಂತ್ರದ ಮೂಲ ತತ್ತ್ವವನ್ನು ಭೌತವಿಜ್ಞಾನಿಗಳು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಎಂದು ಕರೆಯುತ್ತಾರೆ. ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಇರುವ ಹೈಡ್ರೋಜನ್ ಪರಮಾಣುಗಳ ಬೀಜಕೇಂದ್ರವು ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ರೇಡಿಯೊ ತರಂಗಗಳಿಗೆ ಸ್ಪಂದಿಸುವುದನ್ನು ಅಳೆದು ಚಿತ್ರ ರಚಿಸುವ ವಿಧಾನವದು. ಬೀಜಕೇಂದ್ರ ಒಡೆಯುವುದಿಲ್ಲ, ಎಕ್ಸ್‌-ರೇಯಂಥ ವಿಕಿರಣ ಹೊಮ್ಮುವುದಿಲ್ಲ. 1980ರ ದಶಕದಲ್ಲಿ ಆಸ್ಪತ್ರೆಗಳಿಗೆ ಈ ಯಂತ್ರ ಬರುವ ಹೊತ್ತಿಗೆ, ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡ ಅಮೆರಿಕನ್ನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ‘ನ್ಯೂಕ್ಲಿಯರ್’ ಎಂಬ ಪದ ರೋಗಿಗಳಿಗೆ ಇಲ್ಲದ ಅಪಾಯವನ್ನು ಸೂಚಿಸುತ್ತಿದ್ದುದರಿಂದ ಅದನ್ನು ಕೈಬಿಟ್ಟರು. ಪ್ರಯೋಗಾಲಯಗಳಲ್ಲಿ ಹಳೆಯ ಹೆಸರೇ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈಗಲೂ ಎನ್‌ಎಂಆರ್ ಸಂಶೋಧನಾ ಕೇಂದ್ರವೆಂಬ ಹೆಸರಿನ ವಿಭಾಗವಿದೆ. ಇಲ್ಲಿ ಯಾವ ಪರೀಕ್ಷೆಯೂ ಸಡಿಲವಾಗಲಿಲ್ಲ, ಯಾರ ಕಣ್ಣಿನಿಂದಲೂ ಮಾಹಿತಿ ಮರೆಯಾಗಲಿಲ್ಲ. ನಮ್ಮಲ್ಲಿ ತೊಂದರೆ ಇರುವುದು ಬೇರೆ ಕಡೆ: ಎಕ್ಸ್‌-ರೇ ಬಳಸುವ ಸಿಟಿ, ಅದನ್ನು ಬಳಸದ ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಮೂರನ್ನೂ ನಾವು ‘ಸ್ಕ್ಯಾನಿಂಗ್’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಮೇಲಿಂದ ಮೇಲೆ ಸಿಟಿ ಮಾಡಿಸಿಕೊಂಡ ರೋಗಿಗೆ ತನ್ನ ದೇಹಕ್ಕೆ ಎಷ್ಟು ಸಲ ವಿಕಿರಣ ತಗುಲಿತೆಂಬುದು ಈ ಮಾತಿನಿಂದ ತಿಳಿಯುವುದೇ ಇಲ್ಲ.

ಆಹಾರದ ವಿಕಿರಣ ಸಂಸ್ಕರಣೆಯ ಕಥೆ ಇಷ್ಟು ಸರಳವಲ್ಲ. ಕೋಬಾಲ್ಟ್‌-60ರಿಂದ ಹೊಮ್ಮುವ ಗಾಮಾ ಕಿರಣಗಳನ್ನು ಈರುಳ್ಳಿ, ಸಾಂಬಾರ ಪದಾರ್ಥ, ಮಾವಿನಹಣ್ಣುಗಳ ಮೂಲಕ ಹಾಯಿಸಿದರೆ ಮೊಳಕೆ ತಡೆಯುತ್ತದೆ, ಹುಳು ಮತ್ತು ಸೂಕ್ಷ್ಮಾಣುಗಳು ಸಾಯುತ್ತವೆ ಇಲ್ಲವೇ ಸಂತಾನ ಬೆಳೆಸಲಾರವು. ಇದರಿಂದ ಆಹಾರ ವಿಕಿರಣಶೀಲವಾಗುವುದಿಲ್ಲ. ಈ ಮಟ್ಟಿಗೆ ವಿಜ್ಞಾನದಲ್ಲಿ ಗೊಂದಲವಿಲ್ಲ. ಭಾರತದ ಮಾವಿಗೆ ಅಮೆರಿಕದ ಮಾರುಕಟ್ಟೆ 2007ರಲ್ಲಿ ತೆರೆದದ್ದು ಹಣ್ಣಿಗೆ ಕನಿಷ್ಠ 400 ಗ್ರೇ ವಿಕಿರಣ ಕೊಡಬೇಕೆಂಬ ಷರತ್ತಿನ ಮೇಲೆಯೇ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಕಟ್ಟಿದ ಘಟಕ ಮೊದಲು ಈ ಕೆಲಸಕ್ಕೆ ಬಂತು. ಕೋಲಾರ ಜಿಲ್ಲೆಯ ಮಾಲೂರಿನ ಘಟಕದಿಂದಲೂ ಹಣ್ಣು ಅಮೆರಿಕಕ್ಕೆ ಹೋಗಿದೆ. ಲಾಸಲ್‌ಗಾಂವ್ ಘಟಕದ ಹೆಸರು ‘ಕೃಷಕ್’. ಕೃಷಿ ಉತ್ಪಾದನ ಸಂರಕ್ಷಣ ಕೇಂದ್ರ ಎಂಬುದರ ಸಂಕ್ಷಿಪ್ತ ರೂಪವದು. ಫಲಕವನ್ನಷ್ಟೇ ಓದಿದವರಿಗೆ ಒಳಗಿರುವುದು ಕೋಬಾಲ್ಟ್ ಎಂದು ಹೊಳೆಯುವುದಿಲ್ಲ. ಆದರೂ ನಮ್ಮ ನಿಯಮದ ಪ್ರಕಾರ ಹೀಗೆ ಸಂಸ್ಕರಿಸಿದ ಆಹಾರದ ಪೊಟ್ಟಣದ ಮೇಲೆ ಹಸಿರು ಬಣ್ಣದ ರಾಡೂರಾ ಚಿಹ್ನೆ ಮತ್ತು ವಿವರ ಇರಲೇಬೇಕು. ಘಟಕಕ್ಕೆ ಹಿತವಾದ ಹೆಸರಿಟ್ಟರೂ ಕೊಳ್ಳುವವರ ಕೈಗೆ ಸಿಗಬೇಕಾದ ಮಾಹಿತಿ ಕಡಿಮೆಯಾಗಲಿಲ್ಲವಾದ್ದರಿಂದ ಈ ಹೆಸರಿಗೆ ನನ್ನ ತಕರಾರಿಲ್ಲ.

ಅಮೆರಿಕದ ಉದ್ಯಮ ಕೇಳಿದ್ದು ಬೇರೆಯದನ್ನು. ಅಲ್ಲಿ ‘ವಿಕಿರಣದಿಂದ ಸಂಸ್ಕರಿಸಲಾಗಿದೆ’ ಎಂಬ ಸಾಲು ಮಾರಾಟಕ್ಕೆ ಅಡ್ಡಿಯಾಗುತ್ತಿದೆಯೆಂದು ‘ಶೀತಲ ಪಾಶ್ಚರೀಕರಣ’, ‘ಎಲೆಕ್ಟ್ರಾನಿಕ್ ಪಾಶ್ಚರೀಕರಣ’ ಎಂಬ ಹೆಸರುಗಳು ಹುಟ್ಟಿದವು. 2002ರ ಕೃಷಿ ಕಾಯ್ದೆ ಬೇರೆ ಹೆಸರಿಗೆ ದಾರಿ ಮಾಡಿಕೊಟ್ಟಿತು. 2007ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಕೆಲವು ಸಂದರ್ಭಗಳಲ್ಲಿ ‘ಪಾಶ್ಚರೀಕೃತ’ ಎಂದಷ್ಟೇ ಬರೆಯಲು ಅವಕಾಶ ಕೊಡುವ ಕರಡು ಹೊರಡಿಸಿತು. ಬಳಕೆದಾರರ ಸಂಘಟನೆಗಳು ವಿರೋಧಿಸಿದವು, ಕರಡು ನಿಯಮವಾಗಲಿಲ್ಲ. ಹಾಲನ್ನು ಕಾಯಿಸಿ ಪಾಶ್ಚರೀಕರಿಸುವುದೂ ಮಾಂಸಕ್ಕೆ ಕಿರಣ ಹಾಯಿಸುವುದೂ ಉದ್ದೇಶದಲ್ಲಿ ಒಂದೇ ಎಂಬ ವಾದದಲ್ಲಿ ಹುರುಳಿದೆ. ಆದರೆ ಒಂದು ಹೆಸರಿನ ಒಳಗೆ ಎರಡು ವಿಧಾನಗಳನ್ನು ಸೇರಿಸಿಬಿಟ್ಟರೆ ಬೇಕೆಂದವರು ಆರಿಸಿಕೊಳ್ಳುವ, ಬೇಡವೆಂದವರು ಬಿಡುವ ದಾರಿಯೇ ಮುಚ್ಚಿಹೋಗುತ್ತದೆ. ಆಹಾರ ಸುರಕ್ಷಿತವೆಂದು ಖಚಿತವಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ಜನರ ಒಪ್ಪಿಗೆ ಪಡೆಯುವುದು ನಿಧಾನದ ಕೆಲಸವಾದರೂ ಸರಿಯಾದ ಕೆಲಸ.

ಇದೇ ಎಫ್‌ಡಿಎ ಮರುನಾಮಕರಣವನ್ನು ಕಾರಣ ಕೊಟ್ಟು ತಳ್ಳಿಹಾಕಿದ ಪ್ರಸಂಗವೊಂದಿದೆ. ತಂಪು ಪಾನೀಯಗಳಲ್ಲಿ ಬಳಸುವ, ಮೆಕ್ಕೆಜೋಳದಿಂದ ತಯಾರಿಸುವ ಸಿಹಿ ಪಾಕವಾದ ಹೈ ಫ್ರಕ್ಟೋಸ್ ಕಾರ್ನ್ ಸಿರಪ್‌ಗೆ ಕೆಟ್ಟ ಹೆಸರು ಬಂದಾಗ, ಅದನ್ನು ತಯಾರಿಸುವವರ ಸಂಘವು 2010ರಲ್ಲಿ ‘ಕಾರ್ನ್ ಶುಗರ್’ ಎಂದು ಕರೆಯಲು ಅನುಮತಿ ಬೇಡಿತು. 2012ರ ಮೇ ತಿಂಗಳಲ್ಲಿ ಬಂದ ನಿರಾಕರಣೆಯ ಉತ್ತರದಲ್ಲಿ ಎರಡು ಅಂಶಗಳಿದ್ದವು. ಸಕ್ಕರೆ ಎಂಬುದು ಒಣಗಿಸಿ ಹರಳಾಗಿಸಿದ ಪದಾರ್ಥ, ಇದು ಪಾಕ. ಅದಕ್ಕಿಂತ ಮುಖ್ಯವಾಗಿ, ‘ಕಾರ್ನ್ ಶುಗರ್’ ಎಂಬ ಹೆಸರು ಆಗಲೇ ಡೆಕ್ಸ್‌ಟ್ರೋಸ್‌ಗೆ, ಅಂದರೆ ಗ್ಲೂಕೋಸ್‌ಗೆ, ಇತ್ತು. ಹುಟ್ಟಿನಿಂದ ಫ್ರಕ್ಟೋಸ್ ಒಗ್ಗದವರು ಡೆಕ್ಸ್‌ಟ್ರೋಸ್ ಎಂದುಕೊಂಡು ಈ ಪಾಕವನ್ನು ಸೇವಿಸಿದರೆ ಅವರ ಆರೋಗ್ಯಕ್ಕೇ ಕುತ್ತು. ಅಭಿರುಚಿಯ ಪ್ರಶ್ನೆಯಂತೆ ಕಂಡದ್ದು ಕೆಲವರ ಪಾಲಿಗೆ ಜೀವದ ಪ್ರಶ್ನೆಯಾಗಬಲ್ಲದು.

ಕೊಳಚೆಯ ವಿಷಯದಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಗರಗಳ ಒಳಚರಂಡಿ ನೀರನ್ನು ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ನ್ಯೂಯಾರ್ಕ್ ನಗರ ಬಹುಕಾಲ ಸಮುದ್ರಕ್ಕೆ ಸುರಿಯುತ್ತಿತ್ತು. 1988ರಲ್ಲಿ ಬಂದ ಕಾಯ್ದೆಯಿಂದಾಗಿ 1992ರ ಹೊತ್ತಿಗೆ ಅದು ನಿಂತಿತು. ಕೆಸರಿಗೆ ಬೇರೆ ಜಾಗ ಬೇಕಾಯಿತು, ಆ ಜಾಗ ಹೊಲ. ಹೊಲಕ್ಕೆ ಹಾಕಲು ‘ಸೀವೇಜ್ ಸ್ಲಡ್ಜ್’ (ಕೊಳಚೆ ಕೆಸರು) ಎಂಬ ಹೆಸರು ಅನುಕೂಲವಲ್ಲವೆಂದು ಶುದ್ಧೀಕರಣ ಕ್ಷೇತ್ರದ ವೃತ್ತಿಪರ ಸಂಘಟನೆ ಹೊಸ ಹೆಸರುಗಳನ್ನು ಆಹ್ವಾನಿಸಿತು. ಬಂದ ನೂರಾರು ಸಲಹೆಗಳ ನಡುವೆ ಕೊನೆಗೆ ನಿಂತದ್ದು ‘ಬಯೋಸಾಲಿಡ್ಸ್’. ಆ ಸಂಘಟನೆಯೂ 1991ರಲ್ಲಿ ತನ್ನ ಹೆಸರಿನಲ್ಲಿದ್ದ ‘ನೀರಿನ ಮಾಲಿನ್ಯ ನಿಯಂತ್ರಣ’ವನ್ನು ತೆಗೆದು ‘ನೀರಿನ ಪರಿಸರ’ ಎಂದು ಮಾಡಿಕೊಂಡಿತ್ತು. 1993ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊರಡಿಸಿದ 503ನೇ ಭಾಗದ ನಿಯಮಾವಳಿಯ ಪಠ್ಯದಲ್ಲಿ ‘ಸೀವೇಜ್ ಸ್ಲಡ್ಜ್’ ಎಂದೇ ಇದೆ. ಅದೇ ಸಂಸ್ಥೆ ಜನರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ‘ಬಯೋಸಾಲಿಡ್ಸ್’ ಇದೆ. ಕಾನೂನಿಗೆ ಒಂದು ಹೆಸರು, ಜನರಿಗೆ ಇನ್ನೊಂದು.

ಆ ನಿಯಮಾವಳಿ ರೋಗಾಣುಗಳಿಗೂ ಕೆಲವು ಭಾರಲೋಹಗಳಿಗೂ ಮಿತಿ ಹಾಕಿತು. ಒಳಚರಂಡಿಗೆ ಕಾರ್ಖಾನೆಗಳಿಂದ ಸೇರುವ ಇತರ ಸಾವಿರಾರು ರಾಸಾಯನಿಕಗಳು ಅದರ ಪಟ್ಟಿಯಲ್ಲಿರಲಿಲ್ಲ. ಎಷ್ಟೋ ವರ್ಷಗಳ ನಂತರ, ಸುಲಭಕ್ಕೆ ನಾಶವಾಗದ ಪಿಎಫ್‌ಎಎಸ್ ರಾಸಾಯನಿಕಗಳು ಹೀಗೆ ಗೊಬ್ಬರ ಪಡೆದ ಹೊಲಗಳ ಮಣ್ಣಿನಲ್ಲಿ, ಬಾವಿಯ ನೀರಿನಲ್ಲಿ, ಹಸುವಿನ ಹಾಲಿನಲ್ಲಿ ಸಿಕ್ಕವು. ಮೇನ್ ರಾಜ್ಯದಲ್ಲಿ ಹಲವು ಹೈನುಗಾರರು ಕಸುಬನ್ನೇ ಬಿಡಬೇಕಾಯಿತು; 2022ರಲ್ಲಿ ಆ ರಾಜ್ಯ ಹೊಲಕ್ಕೆ ಕೆಸರು ಹಾಕುವುದನ್ನು ನಿಷೇಧಿಸಿತು. ಕೆಸರಿನಲ್ಲಿ ಸಸ್ಯಗಳಿಗೆ ಬೇಕಾದ ಸಾರಜನಕ, ರಂಜಕ ಇರುವುದು ನಿಜ, ಅದನ್ನು ಮಣ್ಣಿಗೆ ಮರಳಿಸುವ ಆಸೆಯೂ ಒಳ್ಳೆಯದೇ. ಆದರೆ ‘ಕೊಳಚೆ’ ಎಂಬ ಪದ ಕೇಳಿದ ರೈತ ಸಹಜವಾಗಿ ಕೇಳುತ್ತಿದ್ದ ಪ್ರಶ್ನೆ, ಇದರೊಳಗೆ ಏನೇನು ಬಂದು ಸೇರಿದೆ ಎಂಬ ಪ್ರಶ್ನೆ, ಹೊಸ ಹೆಸರಿನಿಂದಾಗಿ ಹಿಂದೆ ಸರಿಯಿತು. ಉತ್ತರ ಕೊಡಬೇಕಾದವರಿಗೆ ಬಹಳ ವರ್ಷ ಆ ಪ್ರಶ್ನೆಯೇ ಎದುರಾಗಲಿಲ್ಲ.

ಕೋಲಾರದಲ್ಲಿ ಇದಕ್ಕೆ ಹತ್ತಿರದ ಚರ್ಚೆ 2018ರಿಂದ ನಡೆದಿದೆ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರ್‌ನಂತೆ 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಸರ್ಕಾರದ ಕಡತದಲ್ಲಿ ಅದು ‘ಸಂಸ್ಕರಿತ ನೀರು’, ವಿರೋಧಿಸುವವರ ಬಾಯಲ್ಲಿ ‘ಕೊಳಚೆ ನೀರು’, ಊರಿನವರ ದಿನನಿತ್ಯದ ಮಾತಿನಲ್ಲಿ ‘ಕೆ.ಸಿ. ವ್ಯಾಲಿ ನೀರು’. ಆ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಾಗ ಹೈಕೋರ್ಟ್ ತಡೆ ನೀಡಿತು, ಆಮೇಲೆ ನೀರು ಮತ್ತೆ ಹರಿಯಿತು, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದುದನ್ನು ಕಂಡ ರೈತರು ಯೋಜನೆಯನ್ನು ಹೊಗಳುತ್ತಾರೆ. ಅದೇ ಅಂತರ್ಜಲವನ್ನು ಕುಡಿಯುವವರು ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳುತ್ತಾರೆ. ಸಿಂಗಪುರವು 2003ರಲ್ಲಿ ಶುದ್ಧೀಕರಿಸಿದ ಬಳಕೆ ನೀರಿಗೆ ‘ನ್ಯೂವಾಟರ್’ ಎಂಬ ಆಕರ್ಷಕ ಹೆಸರಿಟ್ಟು ಜನರ ಒಪ್ಪಿಗೆ ಗಳಿಸಿತೆಂದು ಆಗಾಗ ಉದಾಹರಿಸುತ್ತಾರೆ. ಆ ಹೆಸರಿನ ಹಿಂದೆ ಸೂಕ್ಷ್ಮ ಸೋಸುವಿಕೆ, ರಿವರ್ಸ್ ಆಸ್ಮೋಸಿಸ್, ನೇರಳಾತೀತ ಕಿರಣಗಳ ಮೂರು ಹಂತಗಳಿದ್ದವು ಎಂಬುದನ್ನು ಮಾತ್ರ ಕೆಲವೊಮ್ಮೆ ಮರೆಯುತ್ತಾರೆ. ಅಲ್ಲಿ ನೀರು ಮೊದಲು ಬದಲಾಗಿ ಹೆಸರು ಆಮೇಲೆ ಬದಲಾಯಿತು.

ಯಾವ ಕಂಪನಿಯೂ ಯಾವ ಇಲಾಖೆಯೂ ಆದೇಶ ಹೊರಡಿಸದೆ, ಮಾತಿನ ಬಳಕೆಯಿಂದಲೇ ನಡೆದುಹೋದ ಮರುನಾಮಕರಣವೊಂದು ನಮ್ಮ ಹೊಲಗಳಲ್ಲಿದೆ. ಕೀಟನಾಶಕಕ್ಕೆ ಕರ್ನಾಟಕದ ರೈತರು ಹೇಳುವ ಮಾತು ‘ಔಷಧಿ’. ‘ಮೆಣಸಿನಗಿಡಕ್ಕೆ ಔಷಧಿ ಹೊಡೆಯಬೇಕು’, ‘ಈ ಹುಳಕ್ಕೆ ಯಾವ ಔಷಧಿ ಕೊಡ್ತೀರಣ್ಣ’ ಎಂಬ ಮಾತುಗಳು ಯಾವ ತಾಲ್ಲೂಕು ಕೇಂದ್ರದ ಗೊಬ್ಬರದ ಅಂಗಡಿಯಲ್ಲಿ ನಿಂತರೂ ಕಿವಿಗೆ ಬೀಳುತ್ತವೆ. ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದರೆ ಬೇರೆಯದೇ ಹೇಳಿಕೆ ಇರುತ್ತದೆ. ವಜ್ರಾಕಾರದ ಗುರುತಿನ ಕೆಳಗಿನ ಅರ್ಧದಲ್ಲಿ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ, ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಪದ. ಕೆಂಪು ಮತ್ತು ಹಳದಿ ಗುರುತಿನವುಗಳ ಮೇಲೆ ‘ವಿಷ’ ಎಂಬ ಅರ್ಥದ ಪದವನ್ನೇ ಮುದ್ರಿಸಬೇಕೆಂದು ನಿಯಮವಿದೆ, ಕೆಂಪಿನದಕ್ಕೆ ತಲೆಬುರುಡೆಯ ಚಿತ್ರವೂ ಬೇಕು. ಔಷಧಿಯೆಂದು ಕೇಳಿ ಪಡೆದ ವಸ್ತುವನ್ನು ಬರಿಗೈಯಲ್ಲಿ ಕಲಸುವುದು, ಮೂಗಿಗೆ ಬಟ್ಟೆ ಕಟ್ಟದೆ ಸಿಂಪಡಿಸುವುದು, ಖಾಲಿ ಡಬ್ಬಿಯನ್ನು ತೊಳೆದು ಮನೆಗೆ ಬಳಸುವುದು ನಡೆಯುತ್ತಲೇ ಇದೆ. ಇದಕ್ಕೆಲ್ಲ ಹೆಸರೊಂದೇ ಕಾರಣವೆನ್ನಲಾಗದು. ಮುಖಗವಸು, ಕೈಗವಸು ಕೊಳ್ಳುವ ಶಕ್ತಿ ಕೂಲಿಕಾರರಿಗಿಲ್ಲ, ಅದನ್ನು ತೊಟ್ಟು ಬೇಸಿಗೆಯ ಬಿಸಿಲಲ್ಲಿ ದುಡಿಯುವುದೂ ಕಷ್ಟ. ಆದರೂ ಔಷಧಿ ಎಂದ ಮೇಲೆ ಅದು ಗುಣ ಮಾಡುವ ವಸ್ತು, ಸ್ವಲ್ಪ ಹೆಚ್ಚಾದರೆ ಇನ್ನೂ ಒಳ್ಳೆಯದು ಎಂಬ ಭಾವ ಬರುವುದು ಸಹಜ.

ಉದ್ಯಮವೂ ತನ್ನನ್ನು ಇದೇ ದಿಕ್ಕಿನಲ್ಲಿ ಕರೆದುಕೊಂಡಿದೆ. ಅಮೆರಿಕದ ಕೃಷಿ ರಾಸಾಯನಿಕ ತಯಾರಕರ ಸಂಘ 1994ರಲ್ಲಿ ‘ಬೆಳೆ ಸಂರಕ್ಷಣಾ ಸಂಘ’ವಾಯಿತು, ಕೆಲವು ವರ್ಷಗಳ ನಂತರ ‘ಕ್ರಾಪ್‌ಲೈಫ್’ ಆಯಿತು. ಕಾಸರಗೋಡಿನ ಕನ್ನಡದ ಹಳ್ಳಿ ಪಡ್ರೆಯ ಸುತ್ತಲೂ, ಎಣ್ಮಕಜೆಯ ಗುಡ್ಡಗಳಲ್ಲೂ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದಾಗ ಅದು ಟೀ ಸೊಳ್ಳೆ ಎಂಬ ಕೀಟದಿಂದ ಬೆಳೆಯನ್ನು ಸಂರಕ್ಷಿಸುವ ಕೆಲಸವೇ ಆಗಿತ್ತು. ಆ ಊರುಗಳ ಮಕ್ಕಳ ಅಂಗವೈಕಲ್ಯಕ್ಕೂ ಸಿಂಪಡಣೆಗೂ ಇರುವ ನಂಟನ್ನು ಮೊದಲು ಗುರುತಿಸಿದವರು ಸ್ಥಳೀಯ ವೈದ್ಯರು, ಪತ್ರಕರ್ತರು ಮತ್ತು ತಾಯಂದಿರು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯುವ ಹೊತ್ತಿಗೆ ದಕ್ಷಿಣ ಕನ್ನಡದ ಕೊಕ್ಕಡದಂಥ ಊರುಗಳಲ್ಲೂ ಅದೇ ನೋವು ಬೆಳೆದು ನಿಂತಿತ್ತು. ಇಂದು ಕರಾವಳಿಯಲ್ಲಿ ‘ಎಂಡೋಸಲ್ಫಾನ್’ ಎಂಬುದು ಒಂದು ರಾಸಾಯನಿಕದ ಹೆಸರಾಗಿ ಉಳಿದಿಲ್ಲ. ‘ಎಂಡೋಸಲ್ಫಾನ್ ಪೀಡಿತ’ ಎಂಬುದು ಮಾಸಾಶನದ ಅರ್ಜಿಯಲ್ಲಿ ಬರುವ ವರ್ಗ. ಅನುಭವವು ಹೆಸರಿಗೆ ಅರ್ಥ ತುಂಬುವುದೆಂದರೆ ಇದು.

ಹೆಸರಿಡುವ ಅಧಿಕಾರ ಉದ್ಯಮದ ಕೈಯಲ್ಲಷ್ಟೇ ಇರುವುದಿಲ್ಲ. 1998ರ ಮಾರ್ಚ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಗೂ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಹತ್ತಿಬೀಜದ ಕಂಪನಿಗೂ ಜಂಟಿಯಾಗಿ ಒಂದು ಪೇಟೆಂಟ್ ಸಿಕ್ಕಿತು. ಬೆಳೆದ ಗಿಡದ ಬೀಜ ಮತ್ತೆ ಮೊಳೆಯದಂತೆ ಮಾಡುವ ವಿಧಾನಕ್ಕೆ ಪಡೆದ ಪೇಟೆಂಟ್ ಅದು. ಅದರ ಒಡೆಯರು ಅದನ್ನು ‘ತಂತ್ರಜ್ಞಾನ ರಕ್ಷಣಾ ವ್ಯವಸ್ಥೆ’ ಎಂದು ಕರೆದರು. ಕೆನಡಾದ ರಾಫಿ ಎಂಬ ಸಂಘಟನೆ ಅದಕ್ಕೆ ‘ಟರ್ಮಿನೇಟರ್’ ಎಂದು ಹೆಸರಿಟ್ಟಿತು. ಎರಡನೆಯ ಹೆಸರು ಕೆಲವೇ ತಿಂಗಳಲ್ಲಿ ರಾಯಚೂರಿನವರೆಗೆ ಬಂತು. ಅದೇ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಕಂಪನಿ ಪ್ರಾಯೋಗಿಕವಾಗಿ ಬೆಳೆಸುತ್ತಿದ್ದ ಬಿ.ಟಿ. ಹತ್ತಿಯನ್ನು ಕಿತ್ತು ಸುಟ್ಟಿತು. ಸುಟ್ಟ ಗಿಡಗಳಲ್ಲಿ ಟರ್ಮಿನೇಟರ್ ಜೀನ್ ಇರಲಿಲ್ಲ. ಇದ್ದದ್ದು ಕಾಯಿಕೊರಕ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್. ಎರಡೂ ಬೇರೆ ಬೇರೆ ಎಂದು ಕಂಪನಿ ಹೇಳಿದರೂ ಆ ದಿನಗಳ ಸುದ್ದಿಯಲ್ಲಿ, ಭಾಷಣಗಳಲ್ಲಿ ಅವು ಬೆರೆತುಹೋದವು. ತಮ್ಮ ಹೊಲದಲ್ಲಿ ಏನು ಬಿತ್ತಲಾಗಿದೆ ಎಂಬುದನ್ನು ಪ್ರಯೋಗಕ್ಕೆ ಜಾಗ ಕೊಟ್ಟ ರೈತರಿಗೇ ಸರಿಯಾಗಿ ತಿಳಿಸಿಲ್ಲವೆಂಬ ರೈತ ಸಂಘದ ದೂರು ಗಂಭೀರವಾದದ್ದು. ಆ ಮೌನದ ಜಾಗದಲ್ಲೇ ತಪ್ಪು ಹೆಸರು ಬೇರೂರಿತು.

ಮುಂದೆ ಆದದ್ದರಿಂದ ಕಲಿಯಬೇಕಾದದ್ದು ಬಹಳ ಇದೆ. ಜನರ ಮನಸ್ಸಿನಲ್ಲಿ ಆ ಹೆಸರು ನಿಲ್ಲಲಿಲ್ಲ. 2002ರ ಮಾರ್ಚ್‌ನಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹತ್ತೇ ವರ್ಷಗಳಲ್ಲಿ ದೇಶದ ಹತ್ತಿ ಬೆಳೆಯುವ ಪ್ರದೇಶದ ಶೇ 90ರಷ್ಟನ್ನು ಅದು ಆವರಿಸಿತು, ರಾಯಚೂರೂ ಹೊರತಾಗಲಿಲ್ಲ. ರೈತರು ಹುಳುವಿನ ಕಾಟ, ಸಿಂಪಡಣೆಯ ಖರ್ಚು, ಇಳುವರಿ ನೋಡಿ ತೀರ್ಮಾನಿಸಿದರು. ಗುಲಾಬಿ ಕಾಯಿಕೊರಕ ಹುಳು ಬಿ.ಟಿ.ಗೆ ಬಗ್ಗದಂತಾದಾಗ ಅವರ ಮಾತೂ ಬದಲಾಯಿತು. ಆದರೆ ಕಡತದಲ್ಲಿ ಹೆಸರು ಉಳಿಯಿತು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್‌, ಹಾನಿಕಾರಕ ತಂತ್ರಜ್ಞಾನ ಅಡಗಿರುವ ತಳಿಗಳ ನೋಂದಣಿಯನ್ನು ನಿಷೇಧಿಸುತ್ತದೆ; ಅದರ ವಿವರಣೆಯಲ್ಲಿ ವಿಜ್ಞಾನಿಗಳ ಸಪ್ಪೆಯಾದ ಪಾರಿಭಾಷಿಕದ ಪಕ್ಕದಲ್ಲೇ ‘ಟರ್ಮಿನೇಟರ್ ತಂತ್ರಜ್ಞಾನ’ ಎಂಬ ಪದವೂ ಇದೆ. ಹೋರಾಟಗಾರರು ಇಟ್ಟ ಹೆಸರು ಸಂಸತ್ತಿನ ಕಾನೂನಿಗೆ ಸೇರಿ, ರೈತ ತಾನು ಬೆಳೆದ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡುವ ಹಕ್ಕನ್ನು ಇಂದಿಗೂ ಕಾಯುತ್ತಿದೆ.

ಈಗ ನಮ್ಮ ಮುಂದಿರುವುದು ಜೀನೋಮ್ ಸಂಪಾದನೆ, ಅಂದರೆ ಜೀವಿಯ ಜೀನ್‌ಗಳನ್ನು ತಿದ್ದುವ ತಂತ್ರ. ಕ್ರಿಸ್ಪರ್ ವಿಧಾನದಿಂದ ಸಸ್ಯದ ಡಿಎನ್‌ಎಯನ್ನು ಗುರುತಿಟ್ಟ ಜಾಗದಲ್ಲಿ ಕತ್ತರಿಸಿದಾಗ, ಕೋಶವು ತಾನಾಗಿ ಆ ಗಾಯವನ್ನು ಮುಚ್ಚುವಾಗ ಆಗುವ ಸಣ್ಣ ವ್ಯತ್ಯಾಸ ಎಸ್‌ಡಿಎನ್‌-1. ಮಾದರಿ ಕೊಟ್ಟು ಕೆಲವೇ ಅಕ್ಷರಗಳನ್ನು ಬೇಕಾದಂತೆ ತಿದ್ದಿಸುವುದು ಎಸ್‌ಡಿಎನ್‌-2. ಹೊರಗಿನ ಜೀನ್ ಸೇರಿಸುವುದು ಎಸ್‌ಡಿಎನ್‌-3. ಮೊದಲ ಎರಡರಲ್ಲಿ ಕೊನೆಗೆ ಉಳಿಯುವ ಗಿಡದಲ್ಲಿ ಬೇರೆ ಜೀವಿಯ ಡಿಎನ್‌ಎ ಇರುವುದಿಲ್ಲ. ಹೀಗಾಗಿ ಇವನ್ನು ‘ಕುಲಾಂತರಿ’ ಎನ್ನುವುದು ಸರಿಯಲ್ಲವೆಂಬ ವಿಜ್ಞಾನಿಗಳ ಮಾತು ಬರಿಯ ಜಾಣತನವಲ್ಲ. ಕನ್ನಡದ ಆ ಪದ ಒಂದು ಕುಲದಿಂದ ಇನ್ನೊಂದಕ್ಕೆ ದಾಟಿಸಿದ್ದನ್ನೇ ಹೇಳುತ್ತದೆ, ಇಲ್ಲಿ ದಾಟುವಿಕೆ ಉಳಿದಿಲ್ಲ. ಇನ್ನೊಂದು ವಾದವೂ ತೂಕವುಳ್ಳದ್ದು: ವಿಕಿರಣ ಹಾಯಿಸಿ, ಎಲ್ಲೆಲ್ಲಿ ಏನೇನು ಬದಲಾಯಿತೆಂದು ನೋಡದೆ ಆರಿಸಿದ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಶೇಂಗಾ ತಳಿಗಳನ್ನು ನಾವು ದಶಕಗಳಿಂದ ಬೆಳೆದು ತಿನ್ನುತ್ತಿದ್ದೇವೆ, ಅದಕ್ಕೆ ಯಾವ ಜೈವಿಕ ಸುರಕ್ಷತಾ ಪರೀಕ್ಷೆಯನ್ನೂ ಕೇಳಿಲ್ಲ.

ಹೊಸ ಹೆಸರಿಗೆ ಇಲ್ಲಿ ನಿಜವಾದ ಆಧಾರವಿದೆ. ಆದರೆ ಅದೇ ತಂತ್ರಕ್ಕೆ ಬೇರೆ ಬೇರೆ ದೇಶಗಳಲ್ಲಿ ಸಿಕ್ಕ ಹೆಸರುಗಳನ್ನು ಗಮನಿಸಬೇಕು. ಯುರೋಪಿನ ನ್ಯಾಯಾಲಯ 2018ರ ಜುಲೈನಲ್ಲಿ ಇವೂ ಕುಲಾಂತರಿಗಳ ಕಾನೂನಿಗೇ ಒಳಪಡುತ್ತವೆ ಎಂದಿತು. ಐದು ವರ್ಷಗಳ ನಂತರ ಯುರೋಪಿಯನ್ ಕಮಿಷನ್ ಇವಕ್ಕೆ ‘ಹೊಸ ಜೀನೋಮ್ ತಂತ್ರಗಳು’ ಎಂಬ ಪ್ರತ್ಯೇಕ ವರ್ಗ ಸೂಚಿಸಿತು. ಇಂಗ್ಲೆಂಡ್ 2023ರಲ್ಲಿ ‘ನಿಖರ ತಳಿ’ ಎಂಬ ಅರ್ಥದ ಹೆಸರಿನ ಕಾಯ್ದೆಯನ್ನೇ ಮಾಡಿತು. ನಿಖರ ಎಂಬ ವಿಶೇಷಣ ಪರೀಕ್ಷೆಯ ಫಲಿತಾಂಶವಾಗಬೇಕೇ ಹೊರತು ಪರೀಕ್ಷೆಗೆ ಮೊದಲೇ ಹೆಸರಾಗಬಾರದು. ಗುರಿಯಿಟ್ಟ ಜಾಗ ಬಿಟ್ಟು ಬೇರೆಡೆ ಕತ್ತರಿಸುವ ಸಾಧ್ಯತೆಯ ಬಗ್ಗೆ ವಿಜ್ಞಾನಿಗಳೇ ಇನ್ನೂ ಚರ್ಚಿಸುತ್ತಿದ್ದಾರೆ. ಭಾರತದಲ್ಲಿ 2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ ಹೊರಡಿಸಿದ ಜ್ಞಾಪನವು ಎಸ್‌ಡಿಎನ್‌-1 ಮತ್ತು ಎಸ್‌ಡಿಎನ್‌-2 ಸಸ್ಯಗಳನ್ನು, ಕುಲಾಂತರಿ ಜೀವಿಗಳನ್ನು ನಿಯಂತ್ರಿಸುವ 1989ರ ನಿಯಮಗಳ ಪೈಕಿ 7ರಿಂದ 11ರವರೆಗಿನವುಗಳಿಂದ ಹೊರಗಿಟ್ಟಿತು. ಜಿಇಎಸಿಯ ಮುಂದೆ ಹೋಗಬೇಕಾದ ಅಗತ್ಯ ಅಲ್ಲಿಗೆ ಮುಗಿಯಿತು. ಹೊರಗಿನ ಡಿಎನ್‌ಎ ಉಳಿದಿಲ್ಲವೆಂಬುದನ್ನು ಮೊದಲು ನೋಡುವುದು ಆಯಾ ಸಂಸ್ಥೆಯ ಒಳಗಿನ ಜೈವಿಕ ಸುರಕ್ಷತಾ ಸಮಿತಿ.

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಹೀಗೆ ಬಂದ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಅವುಗಳಲ್ಲಿ ಒಂದಾದ ಡಿಆರ್‌ಆರ್ ಧಾನ್‌-100, ಅಂದರೆ ‘ಕಮಲಾ’, ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸಾಂಬಾ ಮಸೂರಿಯಿಂದ ರೂಪುಗೊಂಡದ್ದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸಿಂಧನೂರು, ಗಂಗಾವತಿಯ ರೈತರು ಬಿಪಿಟಿ ಎಂದು ಕರೆಯುವುದು ಇದೇ ಸಾಂಬಾ ಮಸೂರಿಯನ್ನು. ತೆನೆಯಲ್ಲಿ ಕಾಳಿನ ಸಂಖ್ಯೆಯನ್ನು ಹಿಡಿದಿಡುವ ಜೀನೊಂದನ್ನು ತಿದ್ದಿದ್ದರಿಂದ ಇಳುವರಿ ಶೇ 19ರಷ್ಟು ಹೆಚ್ಚುತ್ತದೆ, ಸುಮಾರು 20 ದಿನ ಮೊದಲೇ ಕಟಾವಿಗೆ ಬರುತ್ತದೆ ಎಂಬುದು ಸಂಸ್ಥೆಯ ಹೇಳಿಕೆ. ನೀರಿನ ಸರದಿಗಾಗಿ ಕಾಯುವ ಕಾಲುವೆಯ ಕೊನೆಯ ಭಾಗದ ರೈತರಿಗೆ 20 ದಿನ ಎಂದರೆ ಸಣ್ಣ ಮಾತಲ್ಲ. ಅದು ನಿಜವಾಗಲಿ ಎಂದು ನಾನೂ ಹಾರೈಸುತ್ತೇನೆ.

ನಾನು ಕೇಳುವುದು ಬೀಜದ ಚೀಲದ ಬಗ್ಗೆ. ಯುರೋಪಿಯನ್ ಕಮಿಷನ್‌ನ 2023ರ ಪ್ರಸ್ತಾವವು ಇಂಥ ಬೆಳೆಗಳಿಂದ ತಯಾರಾದ ಆಹಾರಕ್ಕೆ ಲೇಬಲ್ ಬೇಡವೆಂದರೂ ಬೀಜದ ಚೀಲದ ಮೇಲೆ ಅದನ್ನು ಬರೆಯಲೇಬೇಕು, ಎಲ್ಲ ತಳಿಗಳ ಪಟ್ಟಿ ಸಾರ್ವಜನಿಕವಾಗಿರಬೇಕು ಎಂದಿತ್ತು. ನಮ್ಮಲ್ಲಿಯೂ ಚೀಲದ ಮೇಲೆ ಮೂಲ ತಳಿ ಯಾವುದು, ಯಾವ ಜೀನ್ ತಿದ್ದಿದೆ, ಯಾವ ವಿಧಾನದಿಂದ, ಬಳಸಿದ ತಂತ್ರದ ಪೇಟೆಂಟ್ ಯಾರದು, ಬೀಜ ಎತ್ತಿಟ್ಟುಕೊಳ್ಳಲು ಅಡ್ಡಿಯಿದೆಯೇ ಎಂಬ ನಾಲ್ಕಾರು ಸಾಲುಗಳನ್ನು ಕನ್ನಡದಲ್ಲಿ ಮುದ್ರಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಸಾವಯವ ಬೇಸಾಯ ಮಾಡುವವರಿಗೆ, ಹೊರದೇಶಕ್ಕೆ ಅಕ್ಕಿ ಕಳಿಸುವ ಗಿರಣಿಯವರಿಗೆ ಈ ವಿವರ ನಾಳೆ ಬೇಕಾಗುತ್ತದೆ. ಭತ್ತ ಸ್ವಪರಾಗಸ್ಪರ್ಶದ ಬೆಳೆ. ಒಂದು ಸಲ ಬೆಳೆದವರು ಬೀಜವನ್ನು ಎತ್ತಿಟ್ಟು, ಪಕ್ಕದೂರಿನ ನೆಂಟರಿಗೆ ನಾಲ್ಕು ಸೇರು ಕೊಟ್ಟು, ಅವರು ಇನ್ನೊಬ್ಬರಿಗೆ ಕೊಟ್ಟು, ಎರಡು ಹಂಗಾಮು ಕಳೆಯುವುದರೊಳಗೆ ಮೊದಲ ಚೀಲ ಎಲ್ಲಿತ್ತೆಂದು ಹುಡುಕಲಾಗದು, ಆಮೇಲೆ ನಿಯಮ ಮಾಡಿದರೂ ಅದನ್ನು ಅಂಟಿಸಲು ಚೀಲವಿರುವುದಿಲ್ಲ. ಬರೆಯುವುದಾದರೆ ಮೊದಲ ಚೀಲ ಹೊಲಿಯುವ ಮುಂಚೆಯೇ ಬರೆಯಬೇಕು.